ಗಾಜಿಗೂ ತಾವರೆ ಎಲೆಯ ಗುಣ

ಮಳೆಗಾಲ ಸಮೀಪಿಸುತ್ತಿದ್ದಂತೆ ಕಾರು ತೊಳೆಯುವ ಅಂಗಡಿಗಳ ಮುಂದೆ ‘ನ್ಯಾನೊ ಕೋಟಿಂಗ್’ ಎಂಬ ಫಲಕಗಳು ಕಾಣಿಸಿಕೊಳ್ಳುತ್ತವೆ. ಗಾಜಿನ ಮೇಲೆ ನೀರು ನಿಲ್ಲುವುದಿಲ್ಲ, ಧೂಳು ಅಂಟುವುದಿಲ್ಲ, ಗೀರು ಬೀಳುವುದಿಲ್ಲ, ಕಲ್ಲು ಬಡಿದರೂ ಒಡೆಯುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳುವ ಮಾರಾಟಗಾರರೂ ಉಂಟು. ಈ ನಾಲ್ಕು ಮಾತುಗಳಲ್ಲಿ ಮೊದಲನೆಯದು ಬಹುಮಟ್ಟಿಗೆ ನಿಜ, ಎರಡನೆಯದು ಅರ್ಧ ನಿಜ, ಮೂರನೆಯದರಲ್ಲಿ ಹುರುಳು ಕಡಿಮೆ, ನಾಲ್ಕನೆಯದು ಶುದ್ಧ ಸುಳ್ಳು. ಜಾತ್ರೆಗೋ ಮದುವೆಗೋ ಮಕ್ಕಳುಮರಿಗಳನ್ನು ಕೂರಿಸಿಕೊಂಡು ಮಳೆಯಲ್ಲಿ ಘಟ್ಟ ಇಳಿಯುವ ನಮ್ಮ ವಾಚಕ ಬಂಧುಗಳು ಈ ಭೇದವನ್ನು ಅರಿತಿರಬೇಕೆಂದು ಭಾವಿಸಿ, ಈ ತಿಂಗಳು ಗಾಜಿನ ವಿಚಾರವನ್ನೇ ಎತ್ತಿಕೊಂಡಿದ್ದೇವೆ.

ಒಂದು ಮೀಟರಿನ ನೂರು ಕೋಟಿ ಪಾಲುಗಳಲ್ಲಿ ಒಂದು ಪಾಲೇ ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 80,000ದಿಂದ 1,00,000 ನ್ಯಾನೊಮೀಟರ್ ಎಂದರೆ ಆ ಅಳತೆಯ ಸೂಕ್ಷ್ಮತೆ ಅರಿವಾದೀತು. ‘ನ್ಯಾನೊ ತಂತ್ರಜ್ಞಾನ’ ಎಂಬ ಪದವನ್ನು 1974ರಲ್ಲಿ ಬಳಕೆಗೆ ತಂದವರು ಜಪಾನಿನ ನೋರಿಯೊ ತಾನಿಗುಚಿ. ನಮ್ಮ ದೇಶದಲ್ಲಿ 2007ರಲ್ಲಿ ನ್ಯಾನೊ ಮಿಷನ್ ಆರಂಭವಾದಾಗ ಅದಕ್ಕೆ ಮಾರ್ಗದರ್ಶನ ನೀಡಿದವರು ಕನ್ನಡಿಗರೇ ಆದ ಪ್ರೊ. ಸಿ. ಎನ್. ಆರ್. ರಾವ್ ಅವರೆಂಬುದು ನಮಗೆ ಹೆಮ್ಮೆಯ ಸಂಗತಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರದಲ್ಲಿಯೂ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ವಿದ್ಯೆಯ ಗಂಭೀರ ಸಂಶೋಧನೆ ನಡೆಯುತ್ತಿದೆ. ಅಂಗಡಿಯ ಫಲಕಕ್ಕೂ ಆ ಸಂಶೋಧನೆಗೂ ಎಷ್ಟು ನಂಟು ಎಂಬುದು ಬೇರೆ ಮಾತು.

ತಾವರೆ ಎಲೆಯ ಮೇಲೆ ನೀರು ನಿಲ್ಲದೆಂಬುದು ನಮ್ಮ ಹಿರಿಯರಿಗೆ ಹೊಸದಲ್ಲ. ಕೆರೆ ಕಾಣದವರೂ ಹಿತ್ತಿಲ ಕೆಸುವಿನ ಎಲೆಯ ಮೇಲೆ ಹನಿಯು ಮುತ್ತಿನಂತೆ ಉರುಳುವುದನ್ನು ಕಂಡಿದ್ದಾರೆ. ಅದರ ಕಾರಣವನ್ನು ಬಿಡಿಸಿ ತೋರಿದವರು ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಥ್‌ಲಾಟ್. 1970ರ ದಶಕದಲ್ಲಿ ಎಲೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಪರೀಕ್ಷಿಸತೊಡಗಿದ ಅವರು, 1997ರಲ್ಲಿ ಸಹೋದ್ಯೋಗಿಯೊಡನೆ ಪ್ರಕಟಿಸಿದ ಲೇಖನದಲ್ಲಿ ತಾವರೆಯ ಈ ಗುಣವನ್ನು ವಿವರಿಸಿದರು. ಕೈಗೆ ನುಣುಪೆನಿಸುವ ಆ ಎಲೆಯ ಮೈ ನಿಜಕ್ಕೂ ಉಬ್ಬುಗಳಿಂದ ತುಂಬಿದೆ. ಪ್ರತಿ ಉಬ್ಬಿನ ಮೇಲೂ ಮೇಣದ ಅತಿ ಸಣ್ಣ ಹರಳುಗಳಿವೆ. ನೀರಿನ ಹನಿ ಅವುಗಳ ತುದಿಯ ಮೇಲಷ್ಟೇ ಕುಳಿತುಕೊಳ್ಳುತ್ತದೆ, ಕೆಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಹನಿ ಉರುಳುವಾಗ ಧೂಳನ್ನೂ ಹೊತ್ತುಕೊಂಡು ಹೋಗುತ್ತದೆ.

ಆದರೆ ಕಾರಿನ ಗಾಜಿಗೆ ಈ ಉಬ್ಬುತಗ್ಗು ಒಗ್ಗುವುದಿಲ್ಲ. ಅವು ಬೆಳಕನ್ನು ಚದುರಿಸಿ ನೋಟವನ್ನು ಮಸುಕಾಗಿಸುತ್ತವೆ, ವೈಪರಿನ ಉಜ್ಜಾಟಕ್ಕೆ ನಾಲ್ಕು ದಿನವೂ ತಾಳಲಾರವು. ಆದುದರಿಂದ ಗಾಜಿಗೆ ಹಚ್ಚುವ ಲೇಪಗಳಲ್ಲಿ ಹೆಚ್ಚಿನವು ತಾವರೆಯ ಒರಟನ್ನು ಬಿಟ್ಟು ಅದರ ಮೇಣದ ಗುಣವನ್ನು ಮಾತ್ರ ತೆಗೆದುಕೊಂಡಿವೆ. ಸಿಲೇನ್ ಎಂಬ ವರ್ಗದ ಅಣುಗಳು ಒಂದು ತುದಿಯಿಂದ ಗಾಜನ್ನು ಬಿಗಿಯಾಗಿ ಹಿಡಿದುಕೊಂಡು, ಇನ್ನೊಂದು ತುದಿಯಿಂದ ನೀರನ್ನು ದೂರವಿಡುತ್ತವೆ. ಇದರಿಂದ ಹನಿ ಹರಡಿಕೊಳ್ಳದೆ ಗುಂಡಾಗುತ್ತದೆ. ಆದರೆ ತಾವರೆಯ ಮೇಲಿನಂತೆ ತಾನಾಗಿ ಉರುಳಿಬಿಡುವುದಿಲ್ಲ, ಅದನ್ನು ತಳ್ಳಲು ಗಾಳಿ ಬೇಕು. ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಹನಿಗಳು ಸರಸರನೆ ಮೇಲಕ್ಕೆ ಜಾರಿ ಹೋಗುವುದನ್ನು ಕಂಡವರಿಗೆ ಹಿತವೆನಿಸುವುದು ಸಹಜ. ಪೇಟೆಯ ವಾಹನಸಂದಣಿಯಲ್ಲಿ ಆಮೆಯಂತೆ ತೆವಳುವಾಗ ಅದೇ ಹನಿಗಳು ಕಣ್ಣೆದುರೇ ಕುಳಿತಿರುತ್ತವೆ. ರಾತ್ರಿಯಲ್ಲಿ ಎದುರು ವಾಹನದ ದೀಪ ಅವುಗಳ ಮೇಲೆ ಬಿದ್ದರೆ ಒಂದೊಂದೂ ಒಂದೊಂದು ಪುಟ್ಟ ದೀಪವಾಗುತ್ತದೆ. ಲೇಪ ಹಾಕಿಸಿದ್ದೇವೆಂದು ವೈಪರನ್ನು ಮರೆಯುವಂತಿಲ್ಲ.

ಕಟ್ಟಡಗಳ ಗಾಜಿನಲ್ಲಿ ಇದಕ್ಕೆ ತದ್ವಿರುದ್ಧವಾದ ಉಪಾಯವೊಂದಿದೆ. ಪಿಲ್ಕಿಂಗ್ಟನ್ ಸಂಸ್ಥೆಯು 2001ರಲ್ಲಿ ಮಾರುಕಟ್ಟೆಗೆ ತಂದ ಗಾಜಿನ ಮೇಲೆ ಸುಮಾರು 15 ನ್ಯಾನೊಮೀಟರ್ ದಪ್ಪದ ಟೈಟೇನಿಯಂ ಡೈಆಕ್ಸೈಡ್ ಪದರವಿದೆ. ಬಿಸಿಲಿನ ಅತಿನೇರಳೆ ಕಿರಣ ತಾಗಿದಾಗ ಅದು ಜಿಡ್ಡನ್ನು ವಿಭಜಿಸುತ್ತದೆ. ನೀರನ್ನು ದೂಡುವ ಬದಲು ತೆಳುವಾಗಿ ಹರಡಿಸಿ ಕೊಳೆಯನ್ನು ತೊಳೆಸಿಬಿಡುತ್ತದೆ. ಮಳೆಯಿಲ್ಲದ ಬೇಸಿಗೆಯಲ್ಲಿ ಅದಕ್ಕೂ ಪೈಪು ಹಿಡಿದು ನೀರು ಹಾಯಿಸಬೇಕೆನ್ನಿ.

ಇನ್ನು ಬಲದ ಮಾತು. ಕಾರಿನ ಮುಂಭಾಗದ ಗಾಜು ಹೆಚ್ಚುಕಡಿಮೆ 5 ಮಿಲಿಮೀಟರ್ ದಪ್ಪ. ಲೇಪವು 10 ನ್ಯಾನೊಮೀಟರ್ ಇದೆಯೆಂದೇ ಇಟ್ಟುಕೊಳ್ಳೋಣ. ಆ ಗಾಜು 50 ಮೀಟರ್ ಎತ್ತರದ ಗೋಪುರವಾದರೆ ಲೇಪವು ಅದರ ನೆತ್ತಿಯ ಮೇಲೆ ಹಾಸಿದ ಒಂದು ಹಾಳೆ ಕಾಗದದಷ್ಟಾಗುತ್ತದೆ. ಲಾರಿಯ ಚಕ್ರದಿಂದ ಸಿಡಿದ ಜಲ್ಲಿಕಲ್ಲನ್ನು ಆ ಕಾಗದ ತಡೆದೀತೆ? ‘9ಎಚ್ ಗಡಸುತನ’ ಎಂದು ಡಬ್ಬಿಯ ಮೇಲೆ ಅಚ್ಚು ಮಾಡಿರುತ್ತಾರೆ. ಅದು ಸೀಸದ ಕಡ್ಡಿಯಿಂದ ಗೀಚಿ ನೋಡುವ ಪರೀಕ್ಷೆಯ ಅಳತೆ. ಲೇಪವಿಲ್ಲದ ಬರಿಯ ಗಾಜನ್ನೂ ಸೀಸದ ಕಡ್ಡಿ ಗೀರಲಾರದು!

ನಮ್ಮನ್ನು ನಿಜವಾಗಿ ಕಾಯುವುದು ಗಾಜಿನ ಹೊಟ್ಟೆಯೊಳಗಿದೆ. 1903ರಲ್ಲಿ ಫ್ರಾನ್ಸಿನ ಎಡ್ವರ್ಡ್ ಬೆನೆಡಿಕ್ಟಸ್ ಎಂಬವರ ಪ್ರಯೋಗಶಾಲೆಯಲ್ಲಿ ಗಾಜಿನ ಕುಪ್ಪಿಯೊಂದು ಮೇಲಿನಿಂದ ಬಿದ್ದು ಬಿರುಕುಬಿಟ್ಟಿತು, ಆದರೆ ಚೂರುಚೂರಾಗಿ ಚೆಲ್ಲಲಿಲ್ಲ. ಒಳಗೆ ಒಣಗಿ ಅಂಟಿಕೊಂಡಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆಯು ಚೂರುಗಳನ್ನು ಹಿಡಿದಿಟ್ಟಿತ್ತು. ಮೋಟಾರು ಅಪಘಾತಗಳಲ್ಲಿ ಒಡೆದ ಗಾಜಿನಿಂದ ಜನರ ಮುಖ ಸೀಳುತ್ತಿದ್ದ ಕಾಲವದು. 1909ರಲ್ಲಿ ಅವರು ಎರಡು ಗಾಜುಗಳ ನಡುವೆ ಪೊರೆಯಿಟ್ಟು ಬೆಸೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಇಂದಿನ ಲ್ಯಾಮಿನೇಟೆಡ್ ಗಾಜು ಅದರ ಸಂತತಿಯೇ: ಸುಮಾರು 2 ಮಿಲಿಮೀಟರಿನ ಎರಡು ಹಾಳೆಗಳು, ನಡುವೆ 0.76 ಮಿಲಿಮೀಟರಿನ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ. ಒಡೆದರೂ ಜೇಡರ ಬಲೆಯಂತೆ ಸೀಳಿ ನಿಲ್ಲುತ್ತದೆ, ಒಳಗಿದ್ದವರ ಮೇಲೆ ಉದುರುವುದಿಲ್ಲ.

ಆದುದರಿಂದ ಚಿಕ್ಕ ಪೆಟ್ಟು ಬಿದ್ದೊಡನೆ ಅದರ ಮೇಲೆ ಲೇಪ ಬಳಿಸುವುದು ಅವಿವೇಕ. ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ ಪೆಟ್ಟನ್ನು ರಾಳ ತುಂಬಿ ಬಹುಮಟ್ಟಿಗೆ ಸರಿಪಡಿಸಬಹುದು. ಮೊದಲೇ ಲೇಪದ ದ್ರವವು ಬಿರುಕಿಗೆ ಇಳಿದಿದ್ದರೆ ರಾಳ ಸರಿಯಾಗಿ ಹಿಡಿಯದು. ರಿಪೇರಿಯವರೆಗೆ ಅದರ ಮೇಲೆ ಪಾರದರ್ಶಕ ಟೇಪು ಅಂಟಿಸಿ, ಬಿಸಿಲಿಗೆ ಕಾದ ಗಾಜಿನ ಮೇಲೆ ತಣ್ಣೀರು ಸುರಿಯದೆ ಇದ್ದರೆ ಸಾಕು. ಬಿರುಕು ಅಂಚಿಗೆ ಮುಟ್ಟಿದ್ದರೆ ಅಥವಾ ಚಾಲಕನ ನೋಟಕ್ಕೆ ಅಡ್ಡವಾಗಿದ್ದರೆ ಗಾಜನ್ನೇ ಬದಲಾಯಿಸಬೇಕು. ಸಮಗ್ರ ವಿಮೆಯಿದ್ದವರಿಗೆ ಗಾಜಿನ ಭಾಗಗಳ ಮೇಲೆ ಸವಕಳಿಯ ಕಡಿತವಿಲ್ಲ. ಆದರೆ ಕ್ಲೇಮು ಮಾಡಿದರೆ ನೋ ಕ್ಲೇಮ್ ಬೋನಸ್ ಕೈತಪ್ಪಬಹುದು, ಎರಡನ್ನೂ ತೂಗಿ ನೋಡುವುದು ಲೇಸು.

ಗಾಜು ಬದಲಾಯಿಸುವ ದಿನ ತಾಳ್ಮೆಯೇ ಮುಖ್ಯ. ಹೊಸ ಗಾಜಿನ ಮೂಲೆಯಲ್ಲಿ ‘ಲ್ಯಾಮಿನೇಟೆಡ್’ ಎಂಬ ಗುರುತೂ ಐಎಸ್ 2553 ಎಂಬ ಮಾನಕದ ಅಂಕಿಯೂ ಇದೆಯೇ ನೋಡಬೇಕು. ಕಾನೂನಿನಂತೆ ಮುಂಭಾಗದ ಗಾಜು ಕನಿಷ್ಠ ಶೇಕಡಾ 70ರಷ್ಟು ಬೆಳಕನ್ನು ಒಳಬಿಡಬೇಕು. ಗಾಜನ್ನು ಚೌಕಟ್ಟಿಗೆ ಬೆಸೆಯುವ ಪಾಲಿಯುರೆಥೇನ್ ಅಂಟು ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುವಂಥದು. ಕೆಲವಕ್ಕೆ ಒಂದೆರಡು ಗಂಟೆ ಸಾಕಾದರೆ ಕೆಲವಕ್ಕೆ ಇಡೀ ದಿನ ಬೇಕು. ಇದು ಅಲಕ್ಷಿಸುವ ಮಾತಲ್ಲ. 2021ರ ಏಪ್ರಿಲ್ 1ರಿಂದ ಹೊಸ ಮಾದರಿಯ ಕಾರುಗಳಲ್ಲಿ ಚಾಲಕನ ಪಕ್ಕದ ಆಸನಕ್ಕೂ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಅನೇಕ ಕಾರುಗಳಲ್ಲಿ ಆ ಚೀಲವು ಮೇಲಕ್ಕೆ ಚಿಮ್ಮಿ ಮುಂಭಾಗದ ಗಾಜಿಗೆ ಆನಿಕೊಂಡು ಉಬ್ಬುತ್ತದೆ. ಅಂಟು ಹಸಿಯಿದ್ದರೆ ಗಾಜೇ ಕಿತ್ತುಹೋಗಿ, ಆ ಆಸನದಲ್ಲಿ ಕುಳಿತವರಿಗೆ ಚೀಲದ ಆಸರೆ ತಪ್ಪುತ್ತದೆ. “ಎಷ್ಟು ಹೊತ್ತಿನ ಮೇಲೆ ಗಾಡಿ ಓಡಿಸಬಹುದು?” ಎಂದು ಅಂಗಡಿಯವರನ್ನು ಕೇಳಿ, ಅವರು ಹೇಳಿದಷ್ಟು ಹೊತ್ತು ಕಾಯಲೇಬೇಕು. ಅಂದು ಬಾಗಿಲುಗಳನ್ನು ದಡಾರನೆ ಮುಚ್ಚಬಾರದು, ಕಿಟಕಿಯೊಂದನ್ನು ಬೆರಳಗಲ ಇಳಿಸಿಟ್ಟರೆ ಒಳಗಿನ ಗಾಳಿಯ ಒತ್ತಡ ಹಸಿ ಅಂಟಿನ ಮೇಲೆ ಬೀಳದು. ಗಾಜಿನ ಹಿಂದೆ ಕ್ಯಾಮೆರಾ ಇರುವ ಕಾರಾದರೆ ಅದನ್ನು ಮರಳಿ ಹೊಂದಿಸಿ ಕೊಡುವಂತೆಯೂ ಕೇಳಬೇಕು. ಲೇಪವೇನಿದ್ದರೂ ಇವೆಲ್ಲ ಮುಗಿದು ಕೆಲವು ದಿನಗಳಾದ ಮೇಲೆ.

ಹೆಸರಿನ ವಿಷಯದಲ್ಲಿ ಜರ್ಮನಿಯ ಒಂದು ಘಟನೆಯನ್ನು ಹೇಳಲೇಬೇಕು. 2006ರ ಮಾರ್ಚಿನಲ್ಲಿ ‘ಮ್ಯಾಜಿಕ್ ನ್ಯಾನೊ’ ಎಂಬ ಸಿಂಪಡಿಸುವ ಡಬ್ಬಿ ಅಲ್ಲಿ ಮಾರಾಟಕ್ಕೆ ಬಂದಿತು. ಗಾಜು ಮತ್ತು ಸ್ನಾನದ ಮನೆಯ ಪಿಂಗಾಣಿಗೆ ಬಳಸುವ ವಸ್ತು. ಕೆಲವೇ ದಿನಗಳಲ್ಲಿ ಹತ್ತಾರು ಮಂದಿ ಉಸಿರಾಟದ ತೊಂದರೆಗೀಡಾದರು, ಕೆಲವರು ಆಸ್ಪತ್ರೆ ಸೇರಿದರು, ಸರಕನ್ನು ಹಿಂತೆಗೆಯಲಾಯಿತು. ನ್ಯಾನೊ ಕಣಗಳೇ ಕಾರಣವೆಂದು ಗುಲ್ಲೆದ್ದಿತು. ಅಲ್ಲಿನ ಸರ್ಕಾರಿ ಸಂಸ್ಥೆ ವಿಚಾರಣೆ ನಡೆಸಿದಾಗ ಆ ಡಬ್ಬಿಯಲ್ಲಿ ನ್ಯಾನೊ ಕಣಗಳೇ ಇರಲಿಲ್ಲವೆಂದು ತಿಳಿದುಬಂದಿತು! ಅಂತಹ ದ್ರವಗಳನ್ನು ಮನೆಯಲ್ಲಿಯೇ ಹಚ್ಚಿಕೊಳ್ಳುವವರು ಮುಚ್ಚಿದ ಗ್ಯಾರೇಜಿನಲ್ಲಿ ಸಿಂಪಡಿಸದೆ, ಬಯಲಿನಲ್ಲಿ, ಮಕ್ಕಳನ್ನು ದೂರವಿರಿಸಿ, ಬಟ್ಟೆಗೆ ಸುರಿದು ಒರೆಸುವುದು ಕ್ಷೇಮಕರ.

ಲೇಪ ಉಳಿದಿದೆಯೋ ಸವೆದಿದೆಯೋ ಎಂದು ತಿಳಿಯಲು ಒಂದು ಚೊಂಬು ನೀರು ಸಾಕು. ಹನಿ ಗುಂಡಾಗದೆ ಹರಡಿಕೊಂಡರೆ ಸವೆದಿದೆಯೆಂದೇ ಅರ್ಥ, ವೈಪರ್ ಓಡಾಡುವ ಭಾಗದಲ್ಲಿ ಅದು ಮೊದಲು ಸವೆಯುತ್ತದೆ. ಲೇಪ ಹಾಕಿಸಿದವರಿಗೂ ಹಾಕಿಸದವರಿಗೂ ಮುಂಗಾರಿಗೆ ಮುನ್ನ ವೈಪರಿನ ರಬ್ಬರು ನೋಡಿಸಿಕೊಳ್ಳುವುದು ತಪ್ಪಿದ್ದಲ್ಲ. ಬಿಸಿಲಿಗೆ ಬಿರಿದ ರಬ್ಬರಿನಡಿ ಸಿಕ್ಕ ಮರಳು ಲೇಪವನ್ನೂ ಕೀಳುತ್ತದೆ, ಗಾಜನ್ನೂ ಗೀರುತ್ತದೆ.