ರಕ್ತದೊಳಗಿನ ಜಮಾ-ಖರ್ಚು

ಖಜಾನೆಯ ಶಿಲ್ಕು ವರ್ಷವಿಡೀ ಒಂದೇ ಮೊತ್ತದಲ್ಲಿದ್ದರೆ ವ್ಯವಹಾರವೇ ನಡೆದಿಲ್ಲವೆಂದು ಅರ್ಥವಲ್ಲ. ಜಮೆ ಮತ್ತು ಖರ್ಚು ಸರಿಸಮವಾಗಿರಲೂಬಹುದು. ಅರ್ಥಶಾಸ್ತ್ರ ಓದಿ ಆಡಳಿತದಲ್ಲಿ ದುಡಿದ ನನಗೆ ಪರಿಚಿತವಾದ ಈ ಸರಳ ಸತ್ಯ, ಎಚ್‌ಐವಿಯ ವಿಷಯದಲ್ಲಿ ವೈದ್ಯರಿಗೆ ಮನವರಿಕೆಯಾದದ್ದು ಭೌತಶಾಸ್ತ್ರದ ವಿಧಾನದಿಂದ.

ಸೋಂಕಿತರ ರಕ್ತದಲ್ಲಿ ವೈರಾಣುಗಳ ಪ್ರಮಾಣ ವರ್ಷಗಟ್ಟಲೆ ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ. ಆ ಅವಧಿಯಲ್ಲಿ ರೋಗ ನಿದ್ರಿಸುತ್ತಿರುತ್ತದೆಂಬ ನಂಬಿಕೆಯಿತ್ತು. ಅಮೆರಿಕದ ವೈದ್ಯ ಡೇವಿಡ್ ಹೋ ಹಾಗೂ ಅಣುಬಾಂಬಿನ ತವರಾದ ಲಾಸ್ ಅಲಮೋಸ್ ಪ್ರಯೋಗಾಲಯದ ಅಲನ್ ಪೆರೆಲ್ಸನ್ 1995–96ರಲ್ಲಿ ಅದನ್ನು ಅಲ್ಲಗಳೆದರು. ಸಮತೋಲದಲ್ಲಿರುವ ವ್ಯವಸ್ಥೆಯನ್ನು ಕದಲಿಸಿ, ಅದರ ಪ್ರತಿಕ್ರಿಯೆಯನ್ನು ಅಳೆಯುವುದು ಭೌತವಿಜ್ಞಾನಿಯ ಕ್ರಮ. ಹೊಸ ಜೀವಕೋಶಗಳಿಗೆ ಸೋಂಕು ಹರಡದಂತೆ ಔಷಧದಿಂದ ತಡೆದು, ವೈರಾಣುಗಳ ಸಂಖ್ಯೆ ಕುಸಿಯುವ ವೇಗವನ್ನು ಸಮೀಕರಣಕ್ಕೆ ಅಳವಡಿಸಿದಾಗ ನಿಜಸ್ಥಿತಿ ತಿಳಿಯಿತು: ದಿನವೊಂದಕ್ಕೆ ಸುಮಾರು 1,000 ಕೋಟಿ ವೈರಾಣುಗಳು ಹುಟ್ಟುತ್ತವೆ, ಅಷ್ಟೇ ನಾಶವಾಗುತ್ತವೆ. ರಕ್ತದಲ್ಲಿ ಅವುಗಳ ಅರ್ಧಾಯು ಸುಮಾರು 6 ಗಂಟೆಯೆಂದು ಆಗ ಅಂದಾಜಿಸಲಾಯಿತು. ಸ್ತಬ್ಧವೆಂದು ತೋರಿದ್ದು ರೋಗನಿರೋಧಕ ವ್ಯವಸ್ಥೆಯೊಳಗಿನ ಎಡೆಬಿಡದ ಸಮರವಾಗಿತ್ತು.

ಇಷ್ಟು ವೇಗದಲ್ಲಿ ಹುಟ್ಟಿ ರೂಪಾಂತರಗೊಳ್ಳುವ ಶತ್ರುವಿಗೆ ಒಂದೇ ಔಷಧ ಸಾಲದು. ಹಲವು ಔಷಧಗಳನ್ನು ಒಟ್ಟಿಗೆ ನೀಡುವ ಚಿಕಿತ್ಸೆಗೆ ಈ ಲೆಕ್ಕಾಚಾರ ಬಲವಾದ ಆಧಾರವಾಯಿತು. ಭಾರತ ಸರ್ಕಾರ 2004ರಿಂದ ಉಚಿತವಾಗಿ ಒದಗಿಸುತ್ತಿರುವುದೂ ಇಂಥ ಸಂಯುಕ್ತ ಚಿಕಿತ್ಸೆಯನ್ನೇ.

ನಮ್ಮಲ್ಲಿ ಪಿಯುಸಿ ದಾಟಿದ ಮೇಲೆ ವೈದ್ಯನಾಗುವವನು ಗಣಿತವನ್ನೂ, ಭೌತವಿಜ್ಞಾನಿಯಾಗುವವನು ಜೀವಶಾಸ್ತ್ರವನ್ನೂ ಬಹುಮಟ್ಟಿಗೆ ಮರೆಯುತ್ತಾನೆ. ಈ ಪದ್ಧತಿ ಬದಲಾಗಬೇಕು. ಸಂಶೋಧನೆಗೆ ಅನುದಾನ ಹಂಚುವವರೂ ಅರ್ಜಿದಾರನ ವಿಭಾಗ ಯಾವುದೆಂದು ಕೇಳುವ ಮೊದಲು ಅವನು ಎತ್ತಿರುವ ಪ್ರಶ್ನೆಯ ತೂಕ ನೋಡಲಿ. ವಿಶ್ವವಿದ್ಯಾಲಯದ ವಿಭಾಗಗಳ ನಡುವಿನ ಗೋಡೆ ರೋಗಕ್ಕೆ ಲೆಕ್ಕಕ್ಕಿಲ್ಲ.