ಗುರು ಹೋರೆಗಾಗಿ ಕಾದ ಮುಕ್ಕಾಲು ಗಂಟೆ

2019ರ ಡಿಸೆಂಬರ್ ಕೊನೆಯ ಒಂದು ಸೋಮವಾರ. ಬೆಂಗಳೂರಿನ ನಮ್ಮ ಮನೆಯಲ್ಲಿ ಬೆಳಿಗ್ಗೆ 7-20ಕ್ಕೆ ಅಪ್ಪನಿಗೆ ಎದೆ ಹಿಡಿದುಕೊಂಡಿತು. ನಾನು ಕಾರಿನ ಕೀ ತಗೊಂಡೆ. ದೊಡ್ಡಪ್ಪ ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ, "ತಡಿಯೋ, ಈಗ ಶನಿ ಹೋರೆ. ಎಂಟಕ್ಕೆ ಗುರು ಹೋರೆ ಬರತ್ತೆ, ಆಮೇಲೆ ಹೊರಡೋಣ" ಅಂದರು. ಅಪ್ಪನೂ "ಗ್ಯಾಸ್ ಇರಬೇಕು ಬಿಡೋ" ಅಂದ್ರು. ಹೊರಟಿದ್ದು 8-05ಕ್ಕೆ. ಗ್ಯಾಸ್ ಅಲ್ಲ, ಹಾರ್ಟ್ ಅಟ್ಯಾಕ್. ಅಪ್ಪ ಉಳಿದರು. ಆದರೆ "ಇಷ್ಟೊತ್ತು ಏನ್ ಮಾಡ್ತಿದ್ರಿ?" ಅಂತ ಡಾಕ್ಟರ್ ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಈ ಹೋರೆ ಲೆಕ್ಕ ಕಲಿತೆ. ನಿಜ ಹೇಳಬೇಕೆಂದರೆ ಲೆಕ್ಕ ಬಹಳ ಚೆನ್ನಾಗಿದೆ. ನಿಧಾನದಿಂದ ವೇಗದ ಕಡೆಗೆ ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ. ಇದೇ ಸರದಿ ತಿರುಗುತ್ತಲೇ ಇರುತ್ತದೆ. ಆಯಾ ವಾರದ ಅಧಿಪತಿಗೆ ಸೂರ್ಯೋದಯದ ಮೊದಲ ಹೋರೆ. ಭಾನುವಾರ ರವಿಯಿಂದ ಎಣಿಸುತ್ತಾ ಹೋಗಿ, 24 ಮುಗಿದ ಮೇಲೆ 25ನೆಯದು ಚಂದ್ರನದು. ಅದಕ್ಕೇ ಮಾರನೇ ದಿನ ಸೋಮವಾರ! ಆರ್ಯಭಟೀಯದಲ್ಲೂ ಈ ಲೆಕ್ಕ ಇದೆ.

ಆದರೆ ಹೋರೆ ಶುರುವಾಗುವುದು ಸೂರ್ಯೋದಯದಿಂದ, ಗಡಿಯಾರದ ಆರು ಗಂಟೆಯಿಂದ ಅಲ್ಲ. ಡಿಸೆಂಬರ್ ಕೊನೆಗೆ ಬೆಂಗಳೂರಲ್ಲಿ ಸೂರ್ಯ ಹುಟ್ಟುವುದು ಸುಮಾರು 6-37ಕ್ಕೆ, ಮುಳುಗುವುದು ಸುಮಾರು ಆರಕ್ಕೆ. ಆ ಹಗಲನ್ನು 12 ಭಾಗ ಮಾಡಿದರೆ ಒಂದು ಹೋರೆಗೆ 57 ನಿಮಿಷ. ಜೂನ್‌ನಲ್ಲಿ ಅದೇ ಹಗಲಿನ ಹೋರೆ 64 ನಿಮಿಷ ದಾಟುತ್ತದೆ. ಹಾಗಾಗಿ ಆ ದಿನ 7-34ರ ತನಕ ಚಂದ್ರ ಹೋರೆ, ಅಲ್ಲಿಂದ 8-31ರ ತನಕ ಶನಿ ಹೋರೆ. ಸೂರ್ಯೋದಯದಿಂದ ಗಂಟೆಗೊಂದು ಅಂತ ಎಣಿಸುವವರೂ ಇದ್ದಾರೆ, ಅವರ ಪ್ರಕಾರವೂ 8-37ರ ತನಕ ಶನಿಯೇ.

ಅಂದರೆ ಏನಾಯ್ತು ನೋಡಿ. ಎದೆ ನೋವು ಬಂದಾಗ ಇದ್ದದ್ದು ಚಂದ್ರ ಹೋರೆ. ಅದನ್ನು ಕಳೆದು, ಕಾದು ಕೂತು, ಸರಿಯಾಗಿ ಶನಿ ಹೋರೆಯ ನಡುವೆ ಮನೆ ಬಿಟ್ಟೆವು!

ಹಾಗಂತ "ಸರಿಯಾಗಿ ಲೆಕ್ಕ ಹಾಕಿ" ಅಂತ ಹೇಳೋಕೆ ನಾನು ಇದನ್ನು ಬರೀತಿಲ್ಲ. ಲೆಕ್ಕ ಸರಿಯಿದ್ದು, ನಿಜವಾಗಿ ಶನಿ ಹೋರೆಯೇ ಆಗಿದ್ದರೂ ಕಾಯಬಾರದಿತ್ತು. ಅಂಗಡಿ ಪೂಜೆಗೆ, ಮನೆ ಪಾಯಕ್ಕೆ ಹೋರೆ ನೋಡ್ತೀರಾ, ನೋಡಿ. ಅವು ಕಾಯುವ ಕೆಲಸಗಳು, ಅರ್ಧ ಗಂಟೆ ತಡವಾದರೆ ಯಾರಿಗೂ ನಷ್ಟವಿಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡಾಗ ಹಾಗಲ್ಲ, ಒಂದೊಂದು ನಿಮಿಷಕ್ಕೂ ಸ್ನಾಯು ಸಾಯುತ್ತಾ ಹೋಗುತ್ತದೆ.

ದೊಡ್ಡಪ್ಪನ ಮೇಲೆ ನನಗೆ ಸಿಟ್ಟಿಲ್ಲ. ತಮ್ಮನಿಗೆ ಒಳ್ಳೇದಾಗಲಿ ಅಂತಲೇ ಹೇಳಿದ್ದು. ಸಿಟ್ಟಿರೋದು, ಕೀ ಕೈಯಲ್ಲಿ ಹಿಡಿದೂ ಸುಮ್ಮನೆ ನಿಂತಿದ್ದೆನಲ್ಲ, ನನ್ನ ಮೇಲೆ.

ಕ್ಯಾಲೆಂಡರ್ ಈಗಲೂ ಅದೇ ಗೋಡೆ ಮೇಲಿದೆ. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 108 ಅಂತ ಬರೆದು ಅಂಟಿಸಿದ್ದೀನಿ. ಅದಕ್ಕೆ ಯಾವ ಹೋರೆಯಾದರೂ ಆಗುತ್ತೆ.