ಗೋಡೆ ಒದ್ದೆ ಆಗಿದೆ, ಏನ್ ಮಾಡ್ಲಿ?

ಇಂಜಿನಿಯರಿಂಗ್ ಸೀಟು ಸಿಕ್ಕಿದ ದಿನವೇ ನಮಗೆಲ್ಲ ಇನ್ನೊಂದು ಕೆಲಸವೂ ಗಂಟು ಬೀಳುತ್ತೆ: ನೆಂಟರ ಮನೆ ರಿಪೇರಿಗೆ ಸಲಹೆ ಕೊಡೋದು. "ಏನೋ, ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ನಮ್ಮನೆ ಗೋಡೆ ಒದ್ದೆ ಆಗಿದೆ, ಏನ್ ಮಾಡ್ಲಿ ಹೇಳು" ಅಂತ ಚಿಕ್ಕಪ್ಪ ಫೋನ್ ಮಾಡ್ತಾರೆ. ಓದ್ತಿರೋದು ಕಂಪ್ಯೂಟರ್ ಸೈನ್ಸ್ ಅಂದ್ರೂ ಬಿಡಲ್ಲ. "ಕೇಳಿ ಹೇಳ್ತೀನಿ ಚಿಕ್ಕಪ್ಪ" ಅಂತ ಸಿವಿಲ್ ಗೆಳೆಯನಿಗೆ ದಾಟಿಸುತ್ತೇವೆ. ಅವನೂ ಸುಮ್ಮನಾಗುತ್ತಾನೆ. ಅಲ್ಲಿಗೆ ಆ ಪ್ರಶ್ನೆಯ ಕಥೆ ಮುಗೀತು.

ಬಲ್ಲವರಿಗೆ ಪುರುಸೊತ್ತಿಲ್ಲ, ಸ್ವಲ್ಪ ಗತ್ತು ಬೇರೆ ಅಂತ ಜನ ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸಲ್ಲ. ಸಲಹೆ ಕೊಡೋದು ಅಂದ್ರೆ ನಮ್ಮವರಿಗೆ ಬಲು ಇಷ್ಟ. ಉತ್ತರ ಬಾರದಿರೋದು ಪ್ರಶ್ನೆಯಲ್ಲಿ ಸರಕು ಸಾಲದ್ದಕ್ಕೆ.

"ಗೋಡೆ ಒದ್ದೆ" ಅನ್ನೋದರಲ್ಲಿ ಕನಿಷ್ಠ ನಾಲ್ಕು ಪ್ರಶ್ನೆ ಅಡಗಿವೆ. ನೆಲದಿಂದ ಸುಮಾರು 1 ಮೀಟರ್ ಎತ್ತರದವರೆಗೆ ಮಾತ್ರ ತೇವ, ಮೇಲೆ ಬಿಳಿ ಉಪ್ಪು ಕೂತಿದೆ ಅಂದ್ರೆ ಮಣ್ಣಿನ ನೀರು ಇಟ್ಟಿಗೆಯ ಸೂಕ್ಷ್ಮ ರಂಧ್ರಗಳಲ್ಲಿ ಮೇಲೇರುತ್ತಿರಬಹುದು. ಮಳೆಗಾಲದಲ್ಲಿ ಮಾತ್ರ, ಅದೂ ಛಾವಣಿ ಹತ್ತಿರ ಅಂದ್ರೆ ತಾರಸಿ ಅಥವಾ ಹೊರಗೋಡೆಯ ಬಿರುಕು ನೋಡಬೇಕು. ಬೇಸಿಗೆಯಲ್ಲೂ ಒಣಗದೆ, ಗೋಡೆಯ ಆ ಕಡೆ ಬಚ್ಚಲುಮನೆ ಇದ್ದರೆ ಪೈಪು ಅಥವಾ ಟೈಲ್ಸ್ ಸಂದಿನ ಮೇಲೆ ಅನುಮಾನ. ಗಾಳಿಯಾಡದ ಕೋಣೆಯಲ್ಲಿ ಬೀರುವಿನ ಹಿಂದೆ ಬೂಷ್ಟು ಬಂದಿದ್ದರೆ, ಗಾಳಿಯ ತೇವವೇ ತಣ್ಣನೆಯ ಗೋಡೆ ಮೇಲೆ ನೀರಾಗಿ ಕೂರುತ್ತಿರಬಹುದು. ನಾಲ್ಕಕ್ಕೂ ಮದ್ದು ಬೇರೆ ಬೇರೆ. ಯಾವುದು ಅಂತ ತಿಳಿಯದೆ ವಾಟರ್‌ಪ್ರೂಫ್ ಪೇಂಟ್ ಬಳಿಸಿದರೆ, ಮುಂದಿನ ವರ್ಷ ಅದೂ ಹೊಪ್ಪಳೆ ಎದ್ದು ಬರುತ್ತೆ, ದುಡ್ಡೂ ಹೋಗಿರುತ್ತೆ.

"ಶವರ್‌ನಲ್ಲಿ ನೀರು ಸಣ್ಣಗೆ ಬರುತ್ತೆ" ಅನ್ನೋದೂ ಹೀಗೇ. ಅದೊಂದೇ ಶವರ್ ಆದರೆ, ಬೋರ್‌ವೆಲ್ಲಿನ ಗಡಸು ನೀರಿಗೆ ತೂತು ಕಟ್ಟಿರಬಹುದು. ಬಿಚ್ಚಿ ತೊಳೆದರೆ ಆಯ್ತು. ಮೇಲಿನ ಮಹಡಿಯ ಎಲ್ಲ ನಲ್ಲಿಯಲ್ಲೂ ಹಾಗೇ ಇದ್ದರೆ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಅಂತ ಕೇಳಬೇಕು. ನೀರಿನ ಮಟ್ಟ ಶವರ್‌ಗಿಂತ 2 ಮೀಟರ್ ಮೇಲಿದ್ದರೆ ಸಿಗೋ ಒತ್ತಡ ಸುಮಾರು 0.2 ಬಾರ್ ಅಷ್ಟೇ. ಎಷ್ಟು ದುಬಾರಿ ಶವರ್ ತಂದರೂ ಆ ಲೆಕ್ಕ ಬದಲಾಗಲ್ಲ.

ಕರೆಂಟಿನ ವಿಷಯದಲ್ಲಿ ಸರಿಯಾಗಿ ಬಲ್ಲವರು ಇನ್ನೂ ಹಿಂಜರಿಯುತ್ತಾರೆ. "ಗೀಸರ್ ಹಾಕಿದ್ರೆ ಟ್ರಿಪ್ ಆಗುತ್ತೆ" ಅಂದ್ರೆ, ಟ್ರಿಪ್ ಆಗಿದ್ದು ಎಂಸಿಬಿಯೋ ಆರ್‌ಸಿಸಿಬಿಯೋ? 2000 ವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತೆ. 6 ಆಂಪಿಯರ್ ಎಂಸಿಬಿ ಬಿದ್ದರೆ ಅದು ತನ್ನ ಕೆಲಸ ಮಾಡಿದೆ ಅಷ್ಟೇ. ಮನೆಗಳಲ್ಲಿ ಹಾಕುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಬೀಳುತ್ತಿದ್ದರೆ ಎಲ್ಲೋ ಕರೆಂಟ್ ಸೋರುತ್ತಿದೆ, ಬಹುಶಃ ಗೀಸರ್ ಕಾಯಿಲ್‌ನಲ್ಲೇ. ನೋಡದೆ ಹೇಳಿದರೆ ಜೀವಕ್ಕೆ ಅಪಾಯ ಅಂತ ಬಲ್ಲವರು ಬಾಯಿ ಮುಚ್ಚುತ್ತಾರೆ. ಅರೆಬರೆ ಗೊತ್ತಿರೋರು ಮಾತ್ರ ತಕ್ಷಣ "ದೊಡ್ಡ ಎಂಸಿಬಿ ಹಾಕ್ಸಿಬಿಡಿ" ಅಂತಾರೆ. ವೈರು ಹಳೇದೇ ಇರುತ್ತೆ. ಆಮೇಲೆ ಕಾದು ಸುಡೋದು ಆ ವೈರು. ಬಲ್ಲವರ ಮೌನ ಖಾಲಿ ಬಿಟ್ಟ ಜಾಗವನ್ನು ತುಂಬೋದು ಇಂಥ ಉತ್ತರಗಳೇ.

ಹಾಗಂತ ಪ್ರಶ್ನೆ ಕೇಳೋಕೆ ಬರಲ್ಲ ಅಂತ ಚಿಕ್ಕಪ್ಪನನ್ನು ಬೈಯೋಕಾಗಲ್ಲ. ಯಾವ ವಿವರ ಮುಖ್ಯ ಅಂತ ಗೊತ್ತಿದ್ದರೆ ಅರ್ಧ ಉತ್ತರ ಅವರಿಗೇ ಸಿಕ್ಕಿರುತ್ತಿತ್ತು. ಆ ವಿವರ ಕೇಳಿ ಪಡೆಯಬೇಕಾದವರು ನಾವು. ಆದರೆ ನಮಗೆ ಅಭ್ಯಾಸವೇ ಇಲ್ಲ. ಪರೀಕ್ಷೆಯ ಪ್ರಶ್ನೆಯಲ್ಲಿ ಉದ್ದ, ಅಗಲ, ಭಾರ ಎಲ್ಲ ಮೊದಲೇ ಬರೆದಿರುತ್ತೆ. ಸೂತ್ರಕ್ಕೆ ಹಾಕಿದರೆ ಮುಗೀತು. ಮನೆಯಲ್ಲಿ ಆ ಸಂಖ್ಯೆಗಳನ್ನು ಹುಡುಕೋದೇ ಮುಕ್ಕಾಲು ಕೆಲಸ. ಒಳ್ಳೆ ಮೇಸ್ತ್ರಿ ಬಂದವನೇ ಟೈಲ್ಸ್ ಬಡಿದು ಶಬ್ದ ಕೇಳುತ್ತಾನೆ, ಪ್ಲಾಸ್ಟರ್ ಕೆರೆದು ನೋಡುತ್ತಾನೆ. ಆಮೇಲೆ ಮಾತು.

ಮುಂದಿನ ಸಲ ಯಾರಾದ್ರೂ ಕೇಳಿದರೆ ನಾಲ್ಕು ಮಾತು ತಿರುಗಿ ಕೇಳೋಣ: ಸರಿಯಾಗಿ ಎಲ್ಲಿ? ಯಾವಾಗಿನಿಂದ, ಯಾವಾಗ ಜಾಸ್ತಿ? ಅದಕ್ಕೆ ಮುಂಚೆ ಮನೆಯಲ್ಲಿ ಏನಾದ್ರೂ ಕೆಲಸ ಮಾಡಿಸಿದ್ರಾ? ಇಲ್ಲಿವರೆಗೆ ಏನೇನು ಮಾಡಿ ನೋಡಿದ್ರಿ? ಒದ್ದೆ ಗೋಡೆಗೆ ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಡೋಕೆ ಹೇಳೋಣ. ಹನಿ ಗೋಡೆ ಕಡೆ ಕೂತರೆ ನೀರು ಗೋಡೆಯಿಂದ, ಕೋಣೆ ಕಡೆ ಕೂತರೆ ಗಾಳಿಯಿಂದ. ಬಿರುಕಿನ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಕು ಬರೆದರೆ ಅದು ಬೆಳೀತಿದೆಯೋ ಇಲ್ಲವೋ ತಿಂಗಳುಗಳಲ್ಲಿ ತಿಳಿಯುತ್ತೆ. ಕರೆಂಟಿನ ವಿಷಯಕ್ಕೆ ಮಾತ್ರ "ಸ್ವಿಚ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಸಿ" ಅನ್ನೋದೇ ಸರಿಯಾದ ಉತ್ತರ.

ಕೊನೆಗೆ ಏನಾಯ್ತು ಅಂತಲೂ ಫೋನ್ ಮಾಡಿ ಕೇಳೋಣ. ರಿಪೇರಿ ಆದಮೇಲೆ ಯಾರೂ ತಾವಾಗಿ ಹೇಳಲ್ಲ. ಹಾಗಾಗಿ ಅದೇ ಪ್ರಶ್ನೆ ಅತ್ತೆ ಮನೆಯಿಂದ ಬಂದಾಗ ನಾವು ಮತ್ತೆ ಮೊದಲಿನಿಂದ ಶುರು ಮಾಡ್ತೀವಿ.